ಹಂದಿ, ಕೋಳಿ ಕಟ್ಟಿಕೊಂಡು ದಾರಿ ತಪ್ಪಿದವರೇ?

ಪತ್ರ: ಪೆಸಿಫಿಕ್ ಸಾಗರದ ದ್ವೀಪಗಳಾದ ಪಾಲಿನೇಷ್ಯದ ಜನ ದಿಕ್ಸೂಚಿ, ನಕ್ಷೆ ಇಲ್ಲದೆ ಸಾವಿರಾರು ಮೈಲಿ ಸಾಗರ ದಾಟಿದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಗಾಳಿಗೆ ಸಿಕ್ಕಿ ಯಾವುದೋ ದ್ವೀಪ ಸೇರಿದವರನ್ನು ಮಹಾ ನಾವಿಕರು ಅನ್ನುವುದು ಅತಿಯಾಯಿತು. ಉಪಕರಣವಿಲ್ಲದೆ ಲೆಕ್ಕ ಹೇಗೆ? ಇಂಥ ದಂತಕತೆ ನಿಲ್ಲಿಸಿ.
– ನಿವೃತ್ತ ಎಂಜಿನಿಯರ್, ದಾವಣಗೆರೆ

ಉತ್ತರ: ಎಂಜಿನಿಯರ್ ಸಾಹೇಬರೇ, ನಿಮ್ಮ ಅನುಮಾನಕ್ಕೆ ದೊಡ್ಡ ಮನೆತನವೇ ಇದೆ. ನ್ಯೂಜಿಲೆಂಡಿನ ಇತಿಹಾಸಕಾರ ಆಂಡ್ರೂ ಶಾರ್ಪ್ 1956ರಲ್ಲಿ ಇದನ್ನೇ ವಾದಿಸಿದ್ದರು. ಸಮುದ್ರದ ಪ್ರವಾಹ ದೋಣಿಯನ್ನು ಪಕ್ಕಕ್ಕೆ ತಳ್ಳಿದರೆ ಗೊತ್ತೇ ಆಗುವುದಿಲ್ಲ, ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ ಎಂದರು. ಒಪ್ಪಿದೆ, ಮಾತು ನ್ಯಾಯವಾದದ್ದೇ.

ಆದರೆ ಮೀನಿಗೆ ಹೋಗಿ ದಾರಿ ತಪ್ಪಿದವನು ಹಂದಿ, ಕೋಳಿ, ನಾಯಿ, ಬಾಳೆಕಂದು, ಕೆಸುವಿನ ಗೆಡ್ಡೆ, ಜತೆಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿರುತ್ತಾನೆಯೇ? ಆ ದ್ವೀಪಗಳಿಗೆ ಇವೆಲ್ಲ ಮನುಷ್ಯನ ಜತೆ ದೋಣಿಯಲ್ಲೇ ಬಂದವು. ದಕ್ಷಿಣ ಅಮೆರಿಕದ ಗೆಣಸು ಕೂಡ ಕೊಲಂಬಸ್‌ಗಿಂತ ಮುಂಚೆಯೇ ಅಲ್ಲಿತ್ತು. ನಿಮಗೆ ಕಂಪ್ಯೂಟರ್ ಮೇಲೆ ನಂಬಿಕೆ ಜಾಸ್ತಿ ಇರಬೇಕು, ಅದನ್ನೇ ಹೇಳುತ್ತೇನೆ. 1973ರಲ್ಲಿ ಮೂವರು ಸಂಶೋಧಕರು ಗಾಳಿ, ಪ್ರವಾಹದ ಲೆಕ್ಕ ಹಾಕಿ ಕಂಪ್ಯೂಟರಿನಲ್ಲಿ ಸಾವಿರಾರು ದೋಣಿ ತೇಲಿಬಿಟ್ಟರು. ಸುಮ್ನೆ ತೇಲಿಕೊಂಡು ಹವಾಯಿ ಸೇರುವುದು ಆಗದ ಮಾತು ಎಂದು ತಿಳಿಯಿತು.

ನಾರ್ವೆಯ ಸಾಹಸಿ ಹೇಯರ್‌ಡಾಲ್ 1947ರಲ್ಲಿ ಪೆರುವಿನಿಂದ ಪಾಲಿನೇಷ್ಯಕ್ಕೆ ತೆಪ್ಪದ ಮೇಲೆ 101 ದಿನ ತೇಲಿ ತೋರಿಸಲಿಲ್ಲವೇ ಅನ್ನಬಹುದು. ಧೈರ್ಯವಂತ, ನಿಜ. ಆದರೆ ಪೆರುವಿನ ದಡದಿಂದ ಆ ತೆಪ್ಪವನ್ನು ಮೊದಲು ಆಚೆಗೆ ಎಳೆದುಬಿಟ್ಟದ್ದು ನೌಕಾಪಡೆಯ ಟಗ್ ಹಡಗು!

ಈಗ ನಾವಿಕ ಮೌ ಪಿಯೈಲುಗ್ ಕಡೆ ಬನ್ನಿ. ಪಶ್ಚಿಮ ಪೆಸಿಫಿಕ್‌ನ ಮೈಕ್ರೊನೇಷ್ಯದ ಸತವಾಲ್ ಎಂಬ ಪುಟಾಣಿ ದ್ವೀಪದವರು. ಹವಾಯಿಯವರು ಈ ವಿದ್ಯೆಯನ್ನೇ ಮರೆತಿದ್ದರು, ಹಾಗಾಗಿ ಇವರನ್ನು ಕರೆಸಿಕೊಂಡರು. 1976ರಲ್ಲಿ ಹೊಕುಲೆಯಾ ಎಂಬ ಜೋಡಿ ದೋಣಿಯನ್ನು ಅವರು ಹವಾಯಿಯಿಂದ ಟಹೀಟಿಗೆ ನಡೆಸಿದರು. ಸುಮಾರು 4,000 ಕಿಲೋಮೀಟರ್, ಒಂದು ತಿಂಗಳು. ಹಿಂದೆ ಬೆಂಗಾವಲಿನ ಹಡಗಿತ್ತು, ಆದರೆ ಅದು ದಾರಿ ಹೇಳುವಂತಿರಲಿಲ್ಲ. ಯಾವ ನಕ್ಷತ್ರ ದಿಗಂತದ ಯಾವ ಜಾಗದಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಮೋಡ ಕವಿದರೆ ದೂರದಿಂದ ಬರುವ ದೊಡ್ಡ ಅಲೆಗಳು ದೋಣಿಯನ್ನು ಹೇಗೆ ಎತ್ತಿ ಹೊರಳಿಸುತ್ತವೆ ಎಂಬುದರಿಂದಲೇ ದಿಕ್ಕು ಹಿಡಿಯುತ್ತಿದ್ದರು. ಇನ್ನು ಶಾರ್ಪ್ ಹೇಳಿದ ತಪ್ಪಿನ ಲೆಕ್ಕ. ಬೆಳಿಗ್ಗೆ ಮೀನಿಗೆ ಹೊರಟು ಸಂಜೆ ಗೂಡಿಗೆ ಮರಳುವ ಕಡಲಹಕ್ಕಿಗಳು, ನೆಲದ ಮೇಲೆ ನಿಂತ ಮೋಡ, ಇವೆಲ್ಲ ಸೇರಿ ಚುಕ್ಕೆಯಂಥ ದ್ವೀಪವನ್ನು ಹತ್ತಾರು ಮೈಲಿ ಅಗಲ ಮಾಡುತ್ತವೆ. ನಿಮ್ಮ ಭಾಷೆಯಲ್ಲಿ ಅದೇ ಟಾಲರೆನ್ಸ್, ಅಂದರೆ ತಪ್ಪಿಗೆ ಬಿಟ್ಟ ಜಾಗ, ಅಲ್ವಾ? ಕೊನೆಗೆ ಟಹೀಟಿಯ ಪಪೇಟೆ ಬಂದರಿನಲ್ಲಿ ಕಾದಿದ್ದ ಜನ 15,000ಕ್ಕೂ ಹೆಚ್ಚು.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಪುಸ್ತಕದಲ್ಲಿ ಇಲ್ಲದ್ದು ವಿದ್ಯೆಯೇ ಅಲ್ಲ ಎನ್ನುವ ನಮ್ಮ ಚಾಳಿಯ ಮೇಲೆ. 1778ರಲ್ಲಿ ಹವಾಯಿಯನ್ನು ಇಂಗ್ಲಿಷ್ ನಾವಿಕ ಕುಕ್ ಕಂಡುಹಿಡಿದ ಎಂದು ಈಗಲೂ ಮಕ್ಕಳು ಉರು ಹೊಡೆಯುತ್ತಾರೆ. ಅವನನ್ನು ನೋಡಲು ದೋಣಿಗಳಲ್ಲಿ ಬಂದ ಜನ ಯಾರಂತೆ? ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಲೇಖನ ನಿಲ್ಲಿಸುವುದಿಲ್ಲ, ಸಾಹೇಬರೇ. ಮುಂದಿನ ಸಂಚಿಕೆಯಲ್ಲಿ ಟುಪಾಯ ಬರುತ್ತಾನೆ. 1769ರಲ್ಲಿ ಅದೇ ಕುಕ್‌ನ ಹಡಗು ಹತ್ತಿ, ತನಗೆ ಗೊತ್ತಿದ್ದ ಹತ್ತಾರು ದ್ವೀಪಗಳನ್ನು ನಕ್ಷೆಗೆ ಇಳಿಸಿಕೊಟ್ಟ ಪಾಲಿನೇಷ್ಯದವನು. ಓದಿ, ಜಗಳಕ್ಕೆ ಇನ್ನೊಂದು ಪತ್ರ ಬರೆಯಿರಿ.
– ಸಂ.