ಹದಿನೇಳು ಸಲ ಕತ್ತರಿಸಿದ ಕಥೆ

ಪ್ರಿಯರೆ,

ನೀವು ಕಳಿಸಿದ ಕಥೆ ಓದಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ, ಪಾಲಿಗೆ ನಿಂತ ಅಣ್ಣತಮ್ಮಂದಿರು, ಗಡಿಯಲ್ಲೊಂದು ಹಲಸಿನ ಮರ. ದೊಡ್ಡಪ್ಪನ ಮಾತುಗಳು ಚೆನ್ನಾಗಿ ಬಂದಿವೆ. ಕೈಬರಹವೂ ದುಂಡಗಿದೆ. ಹೊಗಳಿಕೆಯ ಬಾಬತ್ತು ಇಲ್ಲಿಗೆ ಮುಗಿಯಿತು.

ನನ್ನ ತಕರಾರು ಒಂದೇ ಒಂದು ಕ್ರಿಯಾಪದದ ಮೇಲೆ. ಹನ್ನೆರಡು ಪುಟದಲ್ಲಿ 'ಕತ್ತರಿಸು' ಹದಿನೇಳು ಸಲ ಬಂದಿದೆ. ಎರಡು ಸಲ ಎಣಿಸಿ ನೋಡಿದ್ದೇನೆ. ಮೊದಲು ಬರೀ ಬೇಜಾರಾಗಿತ್ತು, ಜೊತೆಗಿಟ್ಟ ನಿಮ್ಮ ಕಾಗದ ನೋಡಿ ಸಿಟ್ಟು ಬಂತು: "ಎಲ್ಲರಿಗೂ ಅರ್ಥವಾಗಲೆಂದು ಸರಳ ಕನ್ನಡದಲ್ಲಿ ಬರೆದಿದ್ದೇನೆ." ಹೆಚ್ಚುವುದು, ಕೊಯ್ಯುವುದು, ಕಡಿಯುವುದು, ಸುಲಿಯುವುದು ಯಾವ ಪಂಡಿತರ ಭಾಷೆ ಸ್ವಾಮಿ? ಶಾಲೆಯ ಮೆಟ್ಟಿಲು ಹತ್ತದವರೂ ದಿನಕ್ಕೆ ಇಪ್ಪತ್ತು ಸಲ ಆಡುವ ಮಾತು ಅವು.

ಪುಟ 2. "ಅಜ್ಜಿ ಹಿತ್ತಲಲ್ಲಿ ದೇವರಿಗೆ ದಾಸವಾಳ ಕತ್ತರಿಸುತ್ತಿದ್ದಳು." ಓದಿದ ಕೂಡಲೇ ಅಜ್ಜಿಯ ಕೈಯಲ್ಲಿ ನನಗೊಂದು ಕತ್ತರಿ ಕಂಡಿತು. ನಿಮ್ಮ ಕಡೆ ಹೂ ಕೊಯ್ಯುತ್ತಾರೆ, ನಮ್ಮ ಮೈಸೂರು ಕಡೆ ಬಿಡಿಸುತ್ತಾರೆ, ಇಲ್ಲವೇ ಕೀಳುತ್ತಾರೆ. ಕತ್ತರಿಸುವುದು ಬೊಕೆ ಅಂಗಡಿಯವರು.

ಪುಟ 3. "ಚಿಕ್ಕಮ್ಮ ಮೆಟ್ಟುಗತ್ತಿಯಲ್ಲಿ ಬೆಂಡೆಕಾಯಿ ಕತ್ತರಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು." ಮೆಟ್ಟುಗತ್ತಿಯ ನೆನಪಿದ್ದವರಿಗೆ ಹೆಚ್ಚುವುದು ಹೇಗೆ ಮರೆತುಹೋಯಿತು? ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಎದುರು ನಿಂತ ಅಲಗಿಗೆ ಕಾಯಿಯನ್ನು ದೂಡುತ್ತಾ ಹೋಗಬೇಕು. ಅಲಗು ಜಾಗ ಬಿಟ್ಟು ಕದಲುವುದಿಲ್ಲ, ಬೆಂಡೆಕಾಯಿಯೇ ಅದರ ಬಾಯಿಗೆ ಹೋಗುತ್ತದೆ. ಕಿವಿ ಜಗಲಿಯ ಮಾತಿನ ಕಡೆ ಇದ್ದರೂ ಬೆರಳಿಗೆ ತನ್ನ ಲೆಕ್ಕ ಗೊತ್ತಿರುತ್ತದೆ. ಇದೆಲ್ಲ 'ಹೆಚ್ಚುತ್ತಾ' ಎಂಬ ಒಂದು ಮಾತಿನೊಳಗಿದೆ, ನೀವು ಬಿಡಿಸಿ ಹೇಳುವುದೇ ಬೇಕಿರಲಿಲ್ಲ. ಹೆಚ್ಚಿದ್ದು ಪಾತ್ರೆಗೆ ಹೋಗುತ್ತದೆ ಎಂಬುದೂ ಅದರಲ್ಲೇ ಇದೆ. ಯಾರೂ ಕಾಗದ ಹೆಚ್ಚುವುದಿಲ್ಲ.

ಪುಟ 5. ಇಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟು ಎದ್ದುಹೋಗಿ ಕಾಫಿ ಕುಡಿದು ಬಂದೆ. ಬೆಳಿಗ್ಗೆ ಕೊನೆಗಾರ ಮರ ಹತ್ತಿ "ಅಡಿಕೆ ಕತ್ತರಿಸಿದ." ಮಧ್ಯಾಹ್ನ ಹೆಂಗಸರು ಸಾಲಾಗಿ ಕೂತು "ಅಡಿಕೆ ಕತ್ತರಿಸಿದರು." ಸಂಜೆ ಅಜ್ಜ ಎಲೆ ತಟ್ಟೆ ಎಳೆದುಕೊಂಡು "ಅಡಿಕೆ ಕತ್ತರಿಸಿದ." ಮೂರೂ ಒಂದೇ ಕೆಲಸವೇ? ಮರದ ತಲೆಯಲ್ಲಿ ಆಗುವುದು ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ಯುವುದು. ಹೆಂಗಸರು ಮಾಡುವುದು ಸುಲಿಯುವುದು. ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಆಮೇಲೆ ಬೇಯಿಸಿ, ಬಿಸಿಲಿಗೆ ಹರವಿ, ದಿನಗಟ್ಟಲೆ ಒಣಗಿಸಿದ ಮೇಲೆ ಎಂದೋ ಒಂದು ದಿನ ಅಜ್ಜನ ಅಡಕತ್ತರಿಗೆ ಬರುತ್ತದೆ. ಅಡಿಕೆ ಮನೆಯಲ್ಲಿ ಬೆಳೆದ ಓದುಗರು ಈ ಪುಟ ನೋಡಿದರೆ, ಬರೆದವರು ಬೇಸಿಗೆ ರಜಕ್ಕೆ ಬಂದುಹೋದ ನೆಂಟರು ಅನ್ನುತ್ತಾರೆ.

ಪುಟ 8, ಕಥೆಯ ಗುಂಡಿಗೆ ಇರುವ ಜಾಗ. "ದೊಡ್ಡಪ್ಪ ಹಲಸಿನ ಮರ ಕತ್ತರಿಸಲು ಆಳು ಕರೆಸಿದ. ಕತ್ತರಿಸಿದ ಮರವನ್ನು ಮಿಲ್ಲಿಗೆ ಸಾಗಿಸಿ ಹಲಗೆಗಳಾಗಿ ಕತ್ತರಿಸಲಾಯಿತು." ಇದನ್ನು ಓದುವಾಗ ನನಗೆ ನನ್ನ ಹಳೆಯ ಅವಮಾನವೊಂದು ನೆನಪಾಯಿತು.

1984. ಮೈಸೂರಿನ ಒಂದು ಸಣ್ಣ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ, ಆಗೀಗ ಒಂದು ವರದಿ. ಕಬ್ಬಿನ ಬೆಲೆಯ ಗಲಾಟೆ ಬಗ್ಗೆ ಬರೆಯುತ್ತಾ "ರೈತರು ಕಬ್ಬು ಕೊಯ್ಯದೆ ಬಿಟ್ಟಿದ್ದಾರೆ" ಎಂದಿದ್ದೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮದ್ದೂರು ಕಡೆಯ ಹಿರಿಯರು ಹಾಳೆ ಹಿಡಿದು ನನ್ನ ಮೇಜಿಗೇ ಬಂದರು. "ಕಬ್ಬ ಯಾರಪ್ಪ ಕುಯ್ತಾರೆ? ಕಡೀತಾರೆ ಕನಪ್ಪ." ಸುತ್ತಲಿದ್ದವರೆಲ್ಲ ನಕ್ಕರು. ಡಿಗ್ರಿ ಮುಗಿಸಿದ ಸೊಕ್ಕು ನನ್ನದು, ಕಪಾಟಿನಿಂದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇಳಿಸಿದೆ. 1894ರಲ್ಲಿ ಅಚ್ಚಾದ ಪುಸ್ತಕ, ಎತ್ತಲು ಎರಡು ಕೈ ಬೇಕು. ಕೊಯ್ ನೋಡಿದರೂ ಇಂಗ್ಲಿಷಿನಲ್ಲಿ ಕಟ್, ಕಡಿ ನೋಡಿದರೂ ಕಟ್, ತರಿ ನೋಡಿದರೂ ಕಟ್. ಗೆದ್ದೆ ಅಂದುಕೊಂಡೆ. ರಾತ್ರಿಯೆಲ್ಲ ಯೋಚಿಸಿದ ಮೇಲೆ ಗೆದ್ದಿಲ್ಲ ಅನ್ನಿಸಿ, ಬೆಳಿಗ್ಗೆ ಒಂದು ಸೂತ್ರ ಕಟ್ಟಿಕೊಂಡು ಹೋದೆ: ಮತ್ತೆ ಚಿಗುರುವುದನ್ನು ಕೊಯ್ಯುತ್ತೇವೆ, ಸತ್ತುಹೋಗುವುದನ್ನು ಕಡಿಯುತ್ತೇವೆ.

ಅವರು ತಲೆಯೆತ್ತದೆ ಕೇಳಿದರು: "ಕಬ್ಬು ಕೂಳೆ ಒಡೆಯಾಕಿಲ್ವಾ? ರಾಗಿ ಕುಯ್ದ ಮ್ಯಾಲೆ ಚಿಗುರ್ತದಾ?"

ಕಡಿದ ಕಬ್ಬಿನ ಬುಡದಿಂದ ಮತ್ತೆ ಬರುವ ಚಿಗುರೇ ಕೂಳೆ. ಸೂತ್ರ ಅಲ್ಲೇ ಬಿತ್ತು. ಆಮೇಲೆ ಕೈಯಲ್ಲಿದ್ದ ಮೊಳೆ ಕೆಳಗಿಟ್ಟು, ಮಸಿ ಮೆತ್ತಿದ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ಕೆಳಕ್ಕೆ ಬೀಸಿದರು: "ಇದು ಕಡಿಯಾದು." ಅದೇ ಕೈಯನ್ನು ಮುಂದಕ್ಕೆ ಚಾಚಿ, ಮಣಿಕಟ್ಟು ತಿರುಗಿಸಿ ಹೊಟ್ಟೆಯ ಕಡೆಗೆ ಎಳೆದುಕೊಂಡರು: "ಇದು ಕುಯ್ಯಾದು." ಅಷ್ಟೇ. ತಿರುಗಿ ಕೆಲಸಕ್ಕೆ ಕೂತರು.

ನಲವತ್ತು ವರ್ಷದಿಂದ ಆ ಎರಡು ಕೈಬೀಸನ್ನು ಪರೀಕ್ಷಿಸುತ್ತಲೇ ಇದ್ದೇನೆ. ಕೊಡಲಿ ಏಟಿಗೆ ಬೀಳುವ ಮರ, ಮಚ್ಚಿನ ಏಟಿಗೆ ಬೀಳುವ ಬಾಳೆಗೊನೆ ಆ ಕಡೆ. ಕುಡುಗೋಲಿನ ಹಲ್ಲಿಗೆ ಸಿಕ್ಕಿ ಎಳೆತಕ್ಕೆ ಬರುವ ಭತ್ತ, ಬಾಳೆ ಎಲೆ, ನಂಬಿಸಿ ಕೊಯ್ದ ಕತ್ತು ಈ ಕಡೆ. ಗರಗಸವೂ ಈ ಕಡೆಯೇ, ಅದು ಎಳೆಯುವ ಕೆಲಸ. ನಿಮ್ಮ ಕಡೆಯವರು ಬರಿಗೈಯಲ್ಲಿ ಕೊಯ್ಯುವ ಹೂ ಮಾತ್ರ ಈ ಲೆಕ್ಕಕ್ಕೆ ಬಗ್ಗಿಲ್ಲ. ಹೂವಲ್ಲವೇ, ಇರಲಿ.

ಈಗ ನಿಮ್ಮ ಹಲಸಿನ ಮರಕ್ಕೆ ಬನ್ನಿ. ದೊಡ್ಡಪ್ಪ ಮರ ಕಡಿಸಿದ, ಮಿಲ್ಲಿನಲ್ಲಿ ಕೊಯ್ಯಿಸಿದ. ಮೊದಲನೆಯದರಲ್ಲಿ ಏಟಿನ ಸದ್ದು ಜಗಲಿಯವರೆಗೆ ಕೇಳುತ್ತದೆ, ಎರಡನೆಯದರಲ್ಲಿ ಹೊಟ್ಟು ಉದುರುತ್ತದೆ. ಅಜ್ಜಿ ಒಳಗೆ ಕೂತು ಎಣಿಸುತ್ತಿದ್ದಳು ಎಂದು ಬರೆದಿದ್ದೀರಲ್ಲ, ಏನನ್ನು ಎಣಿಸುತ್ತಿದ್ದಳು? ಕಡಿಯುವ ಏಟುಗಳನ್ನು. 'ಕತ್ತರಿಸಲು' ಎಂದಾಗ ಎಣಿಸಲು ಏನೂ ಇಲ್ಲ. ಕತ್ತರಿಯ ಎರಡು ಅಲಗು ಕೂಡುವುದು ಬಟ್ಟೆಗೆ, ಕೂದಲಿಗೆ, ಉದ್ಘಾಟನೆಯ ಟೇಪಿಗೆ.

ಪುಟ 9ರ "ಅವಳು ಕರೆಯನ್ನು ಕತ್ತರಿಸಿದಳು" ಬಗ್ಗೆ ಹೆಚ್ಚು ಹೇಳಲಾರೆ. ಫೋನ್ ಇಟ್ಟಳು ಅನ್ನಿ, ಕಟ್ ಮಾಡಿದಳು ಅನ್ನಿ. ಇಂಗ್ಲಿಷಿನ ಕಟ್ ಇರುವಲ್ಲಿ ಅದನ್ನೇ ಇಟ್ಟರೆ ಕನ್ನಡಕ್ಕೇನೂ ಕೇಡಿಲ್ಲ.

ಹಾಗೆಂದು ಪರ್ಯಾಯ ಪದ ಹುಡುಕಲು ಹೊರಟು ಛೇದಿಸು, ತುಂಡರಿಸು ಎಂದು ಬಣ್ಣ ಬಳಿಯಬೇಡಿ. ಹತ್ತು ಸಲ ಹೆಚ್ಚುವ ಪ್ರಸಂಗವಿದ್ದರೆ ಹತ್ತು ಸಲವೂ ಹೆಚ್ಚಲಿ, ಓದುವವರಿಗೆ ಬೇಜಾರಾಗುವುದಿಲ್ಲ. ನನ್ನನ್ನು ಕಾಡಿದ್ದು ಮಾತು ಮರುಕಳಿಸಿದ್ದಲ್ಲ, ಕೈ ಕಾಣದೆ ಹೋದದ್ದು. ಪಾಲು ಪತ್ರದ ಕಾನೂನು, ಕೊನೆಯ ಪುಟದ ಮಳೆ, ಇವುಗಳ ಬಗ್ಗೆಯೂ ಹೇಳಬಹುದಿತ್ತು. ಆದರೆ ಈಗಾಗಲೇ 'ಮುದುಕ ಎಷ್ಟು ಕುಯ್ತಾನಪ್ಪ' ಎಂದುಕೊಂಡಿರುತ್ತೀರಿ.

ಪ್ರತಿ ವಾಪಸ್ ಕಳಿಸುತ್ತಿದ್ದೇನೆ. ಹದಿನೇಳು ಕಡೆಯೂ ಪೆನ್ಸಿಲ್ ಗುರುತಿದೆ. ದೀಪಾವಳಿ ಹೊತ್ತಿಗೆ ಊರಿಗೆ ಹೋಗುವುದಿದ್ದರೆ ಕೊನೆಕೊಯ್ಲು ಶುರುವಾಗಿರುತ್ತದೆ, ಒಂದು ದಿನ ಅಂಗಳದಲ್ಲಿ ಕೂತು ನೋಡಿ, ಆಮೇಲೆ ತಿದ್ದಿ ಕಳಿಸಿ. ಹದಿನಾರನ್ನು ಬದಲಿಸಿ. ಸಂಜೆ ಎಲೆ ತಟ್ಟೆಯ ಮುಂದೆ ಅಜ್ಜ ಅಡಕತ್ತರಿ ಹಿಡಿದು ಅಡಿಕೆ ಕತ್ತರಿಸುತ್ತಾನಲ್ಲ, ಅದೊಂದನ್ನು ಮುಟ್ಟಬೇಡಿ.

ಇಂತಿ,
ಸಂಪಾದಕ