ಸ್ಟೀಲ್ ಲೋಟ, ಮರದ ಮೇಜು

ಒಂದು ಟೆಸ್ಟಲ್ಲಿ ಅಂಕ ಕಡಿಮೆ ಬಂತು ಅಂತ ಓದೇ ಬಿಡಲು ಹೊರಟ ವಿದ್ಯಾರ್ಥಿ, ಪುಣೆಯಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಪ್ರತಿ ಸೆಮಿಸ್ಟರ್ ಕೊನೆಗೆ ಒಬ್ಬರಾದರೂ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗ ವಿಜಯಪುರದ ಕಡೆಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ. ಹೀಟ್ ಟ್ರಾನ್ಸ್‌ಫರ್ (ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹೋಗುತ್ತೆ ಅನ್ನೋ ವಿಷಯ) ಲೆಕ್ಕಗಳನ್ನು ಚೆನ್ನಾಗಿಯೇ ಮಾಡುತ್ತಿದ್ದ. ಒಂದು ದಿನ ಮೇಷ್ಟ್ರು ಲೆಕ್ಕವೇ ಇಲ್ಲದ, ಬರೀ ‘ಯಾಕೆ’ ಅಂತ ಕೇಳುವ ಟೆಸ್ಟ್ ಕೊಟ್ಟರು. 10ಕ್ಕೆ 2 ಬಂತು. ಅವತ್ತಿನಿಂದ ಕ್ಲಾಸಿಗೆ ಹೋಗಿಲ್ಲ. “ನಂಗ ಇದು ಆಗಂಗಿಲ್ರಿ ಮೇಡಂ, ಊರಿಗೆ ಹೋಗ್ತೀನಿ” ಅಂತ ಹಟ.

ಎರಡು ಭೇಟಿ ನಿದ್ದೆ, ಊಟ, ಮನೆಯ ಸಾಲದ ಮಾತಲ್ಲೇ ಮುಗಿದವು. ಮೂರನೇ ಸಲ ಕೇಳಿದೆ: “ಯಾವ ಪ್ರಶ್ನೆ ತಪ್ಪಾಯ್ತು? ನಂಗೂ ಹೇಳು.”

“ಸ್ಟೀಲ್ ಯಾಕ ಕಟ್ಟಿಗಿಗಿಂತ ತಂಪ ಹತ್ತತೈತಿ ಅಂತ ಕೇಳಿದ್ರು. ಸ್ಟೀಲಿನ ಟೆಂಪರೇಚರ್ ಕಡಿಮಿ ಇರ್ತೈತಿ ಅಂತ ಬರದೆ.”

ಡಿಸೆಂಬರ್ ಬೆಳಿಗ್ಗೆ ಅದು. ರಾತ್ರಿಯಿಂದ ನನ್ನ ಮೇಜಿನ ಮೇಲೆ ಖಾಲಿ ಸ್ಟೀಲ್ ಲೋಟ ಇತ್ತು. ಒಂದು ಕೈ ಲೋಟದ ಮೇಲೆ, ಇನ್ನೊಂದು ಮರದ ಮೇಜಿನ ಮೇಲೆ ಇಡು ಅಂದೆ. “ಲೋಟ ತಂಪೈತ್ರಿ” ಅಂದ. ರಾತ್ರಿಯಿಡೀ ಎರಡೂ ಇದೇ ರೂಮಲ್ಲಿದ್ದವಲ್ಲ, ಲೋಟ ಒಂದೇ ಹೇಗೆ ತಣ್ಣಗಾಯ್ತು?

ವಸ್ತುವಿನೊಳಗೆ ಬಿಸಿ ಎಷ್ಟು ವೇಗದಲ್ಲಿ ಹರಿಯುತ್ತೆ ಅಂತ ಹೇಳುವ ಫೋರಿಯರ್ ನಿಯಮವನ್ನು ಗಡಗಡ ಒಪ್ಪಿಸಿದ. ಸ್ಟೇನ್‌ಲೆಸ್ ಸ್ಟೀಲಿನ ಉಷ್ಣವಾಹಕತೆ (ಬಿಸಿಯನ್ನು ತನ್ನೊಳಗೆ ಹರಿಯಲು ಬಿಡುವ ಗುಣ) ಸುಮಾರು 15, ಮರದ್ದು ಸುಮಾರು 0.15, ನೂರು ಪಟ್ಟು ವ್ಯತ್ಯಾಸ ಅಂದ. ಆಮೇಲೆ ಮಾತು ನಿಂತಿತು. ಆದರೆ ಕೈ ತೆಗೆಯಲಿಲ್ಲ. ಬೆರಳುಗಳನ್ನು ಲೋಟದ ಸುತ್ತ ಬಿಗಿ ಮಾಡಿದ, ಸಡಿಲ ಬಿಟ್ಟ. ನಾನೂ ಸುಮ್ನಿದ್ದೆ.

“ಲೋಟ ತಂಪಿಲ್ರಿ ಮೇಡಂ. ಎರಡೂ ಅಷ್ಟ ಅದಾವು. ನನ್ನ ಕೈಯಾಗಿನ ಬಿಸಿ ಲೋಟದಾಗ ಲಗೂನ ಹೊಂಟೈತಿ.”

ಎರಡು ವಾರದಲ್ಲಿ ಮೊದಲ ಸಲ ಅವನು ನೆಟ್ಟಗೆ ಕೂತ.

ನಾನು ಕೊಟ್ಟ ಸಲಹೆ ಇಷ್ಟು. ನಾಳೆಯೇ ಮೇಷ್ಟ್ರ ಹತ್ತಿರ ಹೋಗಿ ತಪ್ಪಾದ ಎಂಟನ್ನೂ ಒಂದೊಂದಾಗಿ ಕೇಳು. ಸೂತ್ರ ಬರೆಯುವ ಮುಂಚೆ, ಬಿಸಿ ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಎರಡು ಸಾಲು ನಿನ್ನ ಮನೆಮಾತಲ್ಲಿ ಬರಿ. ಊರಿಗೆ ಹೋಗುವ ಮಾತು ಸೆಮಿಸ್ಟರ್ ಮುಗಿದ ಮೇಲೆ.

ಪಾಠ ಹೇಳೋದು ನಿನ್ನ ಕೆಲಸವಾ ಅಂತ ಜೊತೆಯವರು ಕೇಳಿದರು. ಅಲ್ಲ. ಆದರೆ ‘ನೀನು ಜಾಣ, ಎಲ್ಲಾ ಬರುತ್ತೆ’ ಅಂದಿದ್ದರೆ ಅದು ಸುಳ್ಳಾಗುತ್ತಿತ್ತು, ಅವನಿಗೂ ಗೊತ್ತಾಗುತ್ತಿತ್ತು. ಅವನ ಕೈಯಲ್ಲಿ ಎರಡು ಅಂಕದ ಹಾಳೆ ಇತ್ತಲ್ಲ. ಆ ಹಾಳೆ ತೋರಿಸಿದ್ದು ಕೆಲವು ತಪ್ಪು ತಿಳುವಳಿಕೆಗಳನ್ನು. ಅವನು ಓದಿಕೊಂಡಿದ್ದು ‘ನಾನು ದಡ್ಡ’ ಅಂತ. ಆ ಎರಡನ್ನೂ ಬೇರೆ ಮಾಡೋದು ನನ್ನ ಕೆಲಸ. ಕನ್ನಡದಲ್ಲಿ ಬರಿ ಅಂದಿದ್ದಕ್ಕೆ ಅವರಪ್ಪ ಫೋನಲ್ಲೇ ಬೇಜಾರಾದರು, ಇಂಗ್ಲಿಷ್ ಹಿಂದೆ ಬೀಳುತ್ತೆ ಅಂತ. ಪರೀಕ್ಷೆ ಇಂಗ್ಲಿಷಲ್ಲೇ ಬರೆಯಲಿ. ಯೋಚನೆ ಯಾವ ಭಾಷೆಯಲ್ಲಿ ಬರುತ್ತೋ ಅದರಲ್ಲೇ ಮೊದಲು ಬರಲಿ ಬಿಡಿ.

ಹತ್ತು ದಿನದ ಮೇಲೆ ನೋಟ್‌ಬುಕ್ ತಂದ. ಇನ್ನೊಂದು ಪ್ರಶ್ನೆ: ಒಂದೇ ತೂಕದ ಐಸ್, ಒಂದು ಗಡ್ಡೆ, ಒಂದು ಪುಡಿ. ಯಾವುದು ನೀರನ್ನು ಜಾಸ್ತಿ ತಣ್ಣಗೆ ಮಾಡುತ್ತೆ? ಟೆಸ್ಟಲ್ಲಿ ಪುಡಿ ಅಂತ ಬರೆದಿದ್ದ. ಅದನ್ನು ಹೊಡೆದುಹಾಕಿ ಕೆಳಗೆ ಪೆನ್ಸಿಲಲ್ಲಿ ಬರೆದಿತ್ತು: “ಪುಡಿ ಲಗೂ ಕರಗತೈತಿ. ತಂಪು ಮಾಡೂದು ಎರಡೂ ಅಷ್ಟ.”