ಡ್ಯಾಶ್‌ಬೋರ್ಡಿನಲ್ಲಿ ಕೈಯಿಂದ ಮಾಡಿದ ಡಿಎನ್‌ಎಸ್, ಫೈರ್‌ವಾಲ್ ನಿಯಮಗಳನ್ನು ಟೆರಾಫಾರ್ಮ್‌ಗೆ ತರುವುದು ಹೇಗೆ?

ಉಡುಪಿಯ ವಸತಿಗೃಹಗಳ ಕೊಠಡಿ ಬುಕಿಂಗ್ ಜಾಲತಾಣವೊಂದರ ಡಿಎನ್‌ಎಸ್ (ತಾಣದ ಹೆಸರನ್ನು ಸರ್ವರ್‌ಗೆ ಜೋಡಿಸುವ ದಾಖಲೆಗಳು) ಮತ್ತು ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ) ನಿಯಮಗಳನ್ನೆಲ್ಲ ವರ್ಷಗಳಿಂದ ಕ್ಲೌಡ್‌ಫ್ಲೇರ್ ಎಂಬ ಸೇವೆಯ ಡ್ಯಾಶ್‌ಬೋರ್ಡಿನಲ್ಲೇ ಬದಲಿಸುತ್ತ ಬಂದಿರುವುದಾಗಿಯೂ, ಯಾವ ನಿಯಮ ಏಕಿದೆ ಎಂದು ಬಲ್ಲವರು ಕೆಲಸ ಬಿಟ್ಟಿರುವುದಾಗಿಯೂ ತಿಳಿಸಿ, ಉಡುಪಿ ಕೃಷ್ಣಮಠದ ಮುಂದಿನ ಪರ್ಯಾಯ ಉತ್ಸವಕ್ಕೆ ಮೊದಲು ಎಲ್ಲವನ್ನೂ, ಇಂಥ ವ್ಯವಸ್ಥೆಯನ್ನು ಕೋಡಾಗಿ ಬರೆದಿಡುವ ಟೆರಾಫಾರ್ಮ್‌ನಲ್ಲಿ ಹೊಸದಾಗಿ ಬರೆಯಬೇಕೇ, ಇರುವುದನ್ನೇ ತರಬೇಕೇ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಇದೇ ಬಗೆಯ ಕೆಲಸ ಮಾಡುವವನಾಗಿ ನಾನು ಹೇಳುವುದಿಷ್ಟು: ಇರುವುದನ್ನು ಇರುವ ಹಾಗೆಯೇ, ಓರೆಕೋರೆಗಳ ಸಮೇತ ತನ್ನಿ.

ಟೆರಾಫಾರ್ಮ್ 1.5ರಿಂದೀಚೆಗೆ ಇಂಪೋರ್ಟ್ ಬ್ಲಾಕ್ (ಯಾವುದನ್ನು ಆಮದು ಮಾಡಬೇಕೆಂದು ಹೇಳುವ ತುಣುಕು) ಬರೆದು ಪ್ಲ್ಯಾನ್ (ಏನು ಬದಲಾಗಲಿದೆ ಎಂದು ಮೊದಲೇ ತೋರಿಸುವ ಆಜ್ಞೆ) ಓಡಿಸಿದರೆ ಸಂರಚನೆಯ ಕರಡನ್ನು ಅದೇ ಬರೆದುಕೊಡಬಲ್ಲದು. ಕ್ಲೌಡ್‌ಫ್ಲೇರ್‌ಗಾಗಿ ಸಿಎಫ್-ಟೆರಾಫಾರ್ಮಿಂಗ್ ಎಂಬ ಪ್ರತ್ಯೇಕ ಉಪಕರಣವೂ ಇದೆ. ಹಾಗೆ ಬಂದ ಕಡತ ನೋಡಲು ಚೆನ್ನಾಗಿರುವುದಿಲ್ಲ, ಕೂಡಲೇ ತಿದ್ದಬೇಕೆನಿಸುತ್ತದೆ. ತಿದ್ದಬೇಡಿ. ಉದಾಹರಣೆಗೆ ಟಿಟಿಎಲ್ (ದಾಖಲೆಯನ್ನು ಎಷ್ಟು ಹೊತ್ತು ನೆನಪಿಡಬೇಕು ಎಂಬ ಅವಧಿ) 1 ಎಂದಿರುವುದು ತಪ್ಪಲ್ಲ, ಕ್ಲೌಡ್‌ಫ್ಲೇರ್‌ನಲ್ಲಿ ಅದರರ್ಥ ‘ಸ್ವಯಂಚಾಲಿತ’ ಎಂದು. ಆಮದಿನ ಹೊರತು ಬೇರೆ ಯಾವ ಬದಲಾವಣೆಯೂ ಪ್ಲ್ಯಾನ್‌ನಲ್ಲಿ ಕಾಣಿಸದಂತಾಗುವವರೆಗೆ ಅಪ್ಲೈ (ಬದಲಾವಣೆಯನ್ನು ಜಾರಿಗೆ ತರುವ ಆಜ್ಞೆ) ಮಾಡಬೇಡಿ. ಯಾವುದೇ ದಾಖಲೆಯನ್ನು ಅಳಿಸಿ ಮರುಸೃಷ್ಟಿಸುವುದಾಗಿ ಪ್ಲ್ಯಾನ್ ಹೇಳಿದರೆ, ವಿಶೇಷವಾಗಿ ಅದು ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯಾಗಿದ್ದರೆ, ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ. ಅಳಿಸುವುದನ್ನು ತಡೆಯುವ ಪ್ರಿವೆಂಟ್-ಡಿಸ್ಟ್ರಾಯ್ ಹಾಕಿದ್ದೇವೆ ಎಂದು ನಿಶ್ಚಿಂತರಾಗುವುದೂ ಸಲ್ಲದು, ಏಕೆಂದರೆ ಆ ಬ್ಲಾಕನ್ನೇ ಯಾರಾದರೂ ಕಡತದಿಂದ ತೆಗೆದರೆ ಅದರೊಂದಿಗೆ ರಕ್ಷಣೆಯೂ ಹೋಗುತ್ತದೆ. ತಾಣದ ಭದ್ರತಾ ಪ್ರಮಾಣಪತ್ರದ ನವೀಕರಣಕ್ಕೆಂದು ತಾನಾಗಿ ಹುಟ್ಟಿ ಅಳಿಯುವ ಟಿಎಕ್ಸ್‌ಟಿ (ಪಠ್ಯ) ದಾಖಲೆಗಳನ್ನು ಮಾತ್ರ ತರಲೇಬೇಡಿ.

ತನ್ನ ಹಿಡಿತದಲ್ಲಿ ಏನೇನಿದೆ ಎಂದು ಟೆರಾಫಾರ್ಮ್ ಬರೆದಿಟ್ಟುಕೊಳ್ಳುವ ಸ್ಟೇಟ್ ಕಡತದಲ್ಲಿ ಗುಪ್ತಪದಗಳು ಯಾರು ಬೇಕಾದರೂ ಓದುವಂತೆ ಕುಳಿತಿರಬಹುದಾದ್ದರಿಂದ ಅದನ್ನು ಕೋಡ್ ಇಡುವ ಗಿಟ್‌ಗೆ ಹಾಕದೆ, ಇಬ್ಬರು ಒಟ್ಟಿಗೆ ಬದಲಿಸದಂತೆ ತಡೆಯುವ ಲಾಕ್ ಸೌಲಭ್ಯವುಳ್ಳ ದೂರದ ಸಂಗ್ರಹದಲ್ಲಿ ಇಡಿ.

ಇಷ್ಟರವರೆಗಿನದು ಸುಲಭದ ಭಾಗ. ಕಷ್ಟವಿರುವುದು ಡ್ಯಾಶ್‌ಬೋರ್ಡಿನಿಂದ ಕೈ ತೆಗೆಸುವುದರಲ್ಲಿ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ಹಿಂದಿನ ರಾತ್ರಿ ನಿಮ್ಮ ತಾಣಕ್ಕೆ ಬಾಟ್‌ಗಳು (ತಾವಾಗಿ ಓಡುವ ಪ್ರೋಗ್ರಾಂಗಳು) ಮುತ್ತಿದವೆಂದುಕೊಳ್ಳಿ, ಆಗ ಎಚ್ಚರವಿದ್ದವರು ಕೈಯಿಂದಲೇ ಒಂದು ತಡೆನಿಯಮ ಸೇರಿಸುತ್ತಾರೆ, ಸೇರಿಸಲೂ ಬೇಕು. ಕ್ಲೌಡ್‌ಫ್ಲೇರ್‌ನ ಫೈರ್‌ವಾಲ್ ನಿಯಮಗಳ ಗುಚ್ಛವನ್ನು ಟೆರಾಫಾರ್ಮ್ ಒಂದೇ ವಸ್ತುವಾಗಿ ನೋಡುವುದರಿಂದ, ಆ ನಿಯಮ ಕೋಡಿಗೆ ಬಾರದಿದ್ದರೆ ಮುಂದಿನ ಅಪ್ಲೈ ಅದನ್ನು ಅಳಿಸಿಹಾಕುತ್ತದೆ. ಡಿಎನ್‌ಎಸ್‌ನಲ್ಲಿ ಇದು ತದ್ವಿರುದ್ಧ: ಅಲ್ಲಿ ಒಂದೊಂದು ದಾಖಲೆಯೂ ಬೇರೆ ವಸ್ತು, ಆದ್ದರಿಂದ ಕೈಯಿಂದ ಹೊಸದಾಗಿ ಸೇರಿಸಿದ ದಾಖಲೆ ಟೆರಾಫಾರ್ಮ್‌ನ ಕಣ್ಣಿಗೇ ಬೀಳದೆ ಉಳಿದುಬಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ನನ್ನ ಎಣಿಕೆ, ಏಕೆಂದರೆ ಅದು ಯಾವ ಪ್ಲ್ಯಾನ್‌ನಲ್ಲೂ ಸದ್ದು ಮಾಡುವುದಿಲ್ಲ.

ಆದ್ದರಿಂದ ಎಲ್ಲರಿಗೂ ಓದುವ ಹಕ್ಕನ್ನಷ್ಟೇ ಕೊಟ್ಟು, ತುರ್ತಿಗೆಂದು ಒಬ್ಬಿಬ್ಬರಿಗೆ ಮಾತ್ರ ಬದಲಿಸುವ ಹಕ್ಕನ್ನಿಡಿ. ಪ್ರತಿದಿನ ಬೆಳಿಗ್ಗೆ ಪ್ಲ್ಯಾನ್ ಅನ್ನು ಡೀಟೇಲ್ಡ್-ಎಕ್ಸಿಟ್‌ಕೋಡ್ ಆಯ್ಕೆಯೊಂದಿಗೆ ಓಡಿಸಿದರೆ, ವ್ಯತ್ಯಾಸವಿದ್ದಾಗ 2 ಎಂಬ ಸಂಕೇತ ಬರುತ್ತದೆ. ಜೊತೆಗೆ ಡಿಎನ್‌ಎಸ್ ದಾಖಲೆಗಳ ಪಟ್ಟಿಯನ್ನು ಕ್ಲೌಡ್‌ಫ್ಲೇರ್‌ನ ಎಪಿಐ (ಪ್ರೋಗ್ರಾಂಗಳು ಮಾಹಿತಿ ಕೇಳುವ ದಾರಿ) ಮೂಲಕ ತರಿಸಿ ಕೋಡಿನೊಂದಿಗೆ ಹೋಲಿಸುವ ಸಣ್ಣ ಸ್ಕ್ರಿಪ್ಟ್ ಒಂದಿರಲಿ.

2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್‌ನ ಪರವಾನಗಿ ಬದಲಾದ ಮೇಲೆ ಓಪನ್‌ಟೋಫು ಎಂಬ ಕವಲು ಹುಟ್ಟಿಕೊಂಡಿದೆ. ನಿಮ್ಮ ಗಾತ್ರದ ಕೆಲಸಕ್ಕೆ ಎರಡರಲ್ಲಿ ಯಾವುದಾದರೂ ಸಾಕು. ಡಿಸೆಂಬರಿನಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಜನದಟ್ಟಣೆ ಕಡಿಮೆಯಿರುವ ಮಳೆಗಾಲದಲ್ಲೇ ಮುಗಿಸಿಕೊಳ್ಳಿ.